ಅಮೆರಿಕದಲ್ಲಿ ಲೈಫ್ ಇನ್ಶೂರೆನ್ಸ್ ಪಾಲಿಸಿ ಮಾರಬೇಕೆ? ಬೆಲೆಗಿಂತ ಮೊದಲು ನಿಮ್ಮ ರಾಜ್ಯದ ಕಾನೂನು ನೋಡಿ

ಎಪ್ಪತ್ತು, ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರಲ್ಲಿ ಹೆಚ್ಚಿನವರು ಈಗ ನಿವೃತ್ತರು. ಮನೆ ಸಾಲ ತಲೆ ಮೇಲಿದ್ದಾಗ, ಮಕ್ಕಳು ಚಿಕ್ಕವರಿದ್ದಾಗ ಮಾಡಿಸಿದ ಲೈಫ್ ಇನ್ಶೂರೆನ್ಸ್ ಪಾಲಿಸಿ ಎಷ್ಟೋ ಮನೆಗಳಲ್ಲಿ ಇನ್ನೂ ನಡೆಯುತ್ತಿದೆ. ಸಾಲ ತೀರಿದೆ. ಮಕ್ಕಳು ನಮಗಿಂತ ಚೆನ್ನಾಗಿ ದುಡಿಯುತ್ತಿದ್ದಾರೆ. ಪ್ರೀಮಿಯಂ ಮಾತ್ರ ಏರುತ್ತಲೇ ಇದೆ. ವಯಸ್ಸಾದಂತೆ ವಿಮೆಯ ಖರ್ಚು ಏರುವ ಯೂನಿವರ್ಸಲ್ ಲೈಫ್ ಪಾಲಿಸಿ ಇದ್ದವರಿಗಂತೂ ಕಂಪನಿಯಿಂದ ಪತ್ರ ಬಂತೆಂದರೆ ಎದೆ ಧಸಕ್ ಅನ್ನುತ್ತದೆ.

ಆಗ ಜನ ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಪ್ರೀಮಿಯಂ ಕಟ್ಟುವುದನ್ನು ನಿಲ್ಲಿಸಿ ಪಾಲಿಸಿ ಲ್ಯಾಪ್ಸ್ ಆಗಲು ಬಿಡುವುದು, ಇಲ್ಲವೇ ಸರೆಂಡರ್ ಮಾಡಿ, ಅಂದರೆ ಕಂಪನಿಗೇ ವಾಪಸ್ ಕೊಟ್ಟು, ಸಿಕ್ಕಷ್ಟು ತೆಗೆದುಕೊಳ್ಳುವುದು. ಮೂರನೆಯ ದಾರಿಯೊಂದಿದೆ: ಪಾಲಿಸಿಯನ್ನು ಬೇರೆಯವರಿಗೆ ಮಾರುವುದು. ಕೊಂಡವರು ನಿಮಗೆ ಒಂದೇ ಸಲಕ್ಕೆ ದುಡ್ಡು ಕೊಡುತ್ತಾರೆ. ಮುಂದಿನ ಪ್ರೀಮಿಯಂ ಅವರೇ ಕಟ್ಟುತ್ತಾರೆ. ನೀವು ತೀರಿಕೊಂಡಾಗ ವಿಮೆಯ ಹಣ ಅವರಿಗೆ ಹೋಗುತ್ತದೆ. ಇದಕ್ಕೆ ಲೈಫ್ ಸೆಟಲ್‌ಮೆಂಟ್ ಎನ್ನುತ್ತಾರೆ. ನಮ್ಮ ಸಾವಿನ ಮೇಲೆ ಯಾರೋ ದುಡ್ಡು ಹೂಡುತ್ತಾರೆ ಅಂದರೆ ಕಸಿವಿಸಿ ಆಗುವುದು ಸಹಜ. ಆದರೆ ಕಾನೂನಿನ ಪ್ರಕಾರ ಇದು ನೇರ ವ್ಯವಹಾರ.

ತೊಂದರೆ ಇರುವುದು ಬೇರೆ ಕಡೆ. ಈ ವ್ಯವಹಾರಕ್ಕೆ ಇಡೀ ದೇಶಕ್ಕೆ ಅನ್ವಯವಾಗುವ ಒಂದೇ ಕಾನೂನು ಇಲ್ಲ. ಪಕ್ಕದ ರಾಜ್ಯದಲ್ಲಿರುವ ಸ್ನೇಹಿತರಿಗೆ ಸಿಕ್ಕ ರಕ್ಷಣೆ ನಿಮಗೆ ಸಿಗುತ್ತದೆ ಅಂತ ಏನೂ ಇಲ್ಲ. ಹಾಗಾಗಿ 'ಎಷ್ಟು ಕೊಡ್ತೀರಿ?' ಎಂದು ಕೇಳುವ ಮೊದಲು 'ಯಾವ ರಾಜ್ಯದ ಕಾನೂನು?' ಎಂದು ಕೇಳಿ.

ಕಾನೂನು ಹೀಗೆ ಹಂಚಿಹೋಗಿದ್ದು ಹೇಗೆ

ಪಾಲಿಸಿ ಮಾರುವ ಹಕ್ಕಿನ ಬೇರು 1911ರ ಒಂದು ತೀರ್ಪಿನಲ್ಲಿದೆ. ಜಾನ್ ಬರ್ಚರ್ಡ್ ಎಂಬಾತನಿಗೆ ಆಪರೇಷನ್‌ಗೆ ದುಡ್ಡು ಬೇಕಿತ್ತು. ಡಾಕ್ಟರ್ ಗ್ರಿಗ್ಸ್‌ಬಿಗೆ ತನ್ನ ಪಾಲಿಸಿಯನ್ನೇ 100 ಡಾಲರ್‌ಗೆ ಮಾರಿದ. ಮುಂದಿನ ಪ್ರೀಮಿಯಂ ಡಾಕ್ಟರ್ ಕಟ್ಟಬೇಕು ಎಂಬುದು ಮಾತು. ಬರ್ಚರ್ಡ್ ತೀರಿಕೊಂಡ ಮೇಲೆ ಹಣ ಯಾರಿಗೆ ಎಂಬ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಪಾಲಿಸಿಯೂ ಮನೆ ಜಮೀನಿನ ಹಾಗೆ ಒಂದು ಆಸ್ತಿ, ಪ್ರಾಮಾಣಿಕವಾಗಿ ಮಾಡಿಸಿದ್ದಾದರೆ ಮಾರಬಹುದು ಎಂದು ನ್ಯಾಯಮೂರ್ತಿ ಹೋಮ್ಸ್ ಬರೆದರು. ಗ್ರಿಗ್ಸ್‌ಬಿ ಗೆದ್ದರು.

ಇದು ದೊಡ್ಡ ಉದ್ಯಮವಾಗಿದ್ದು 1980ರ ದಶಕದ ಕೊನೆಯಲ್ಲಿ, ಏಡ್ಸ್ ಹಾವಳಿಯ ಕಾಲದಲ್ಲಿ. ಸಾಯುವುದು ಖಚಿತವಾಗಿದ್ದ ಯುವಕರು ಆಸ್ಪತ್ರೆ ಖರ್ಚಿಗೆ ಪಾಲಿಸಿ ಮಾರಿದರು. ಅವರ ಅಸಹಾಯಕತೆಯನ್ನು ದುರುಪಯೋಗ ಮಾಡಿಕೊಂಡವರೂ ಇದ್ದರು. ರಾಜ್ಯಗಳ ವಿಮಾ ಕಮಿಷನರ್‌ಗಳ ಸಂಘವಾದ ಎನ್‌ಎಐಸಿ 1993ರಲ್ಲಿ ಒಂದು ಮಾದರಿ ಕಾನೂನು ಬರೆಯಿತು. 1996ರ ಸುಮಾರಿಗೆ ಏಡ್ಸ್‌ಗೆ ಪರಿಣಾಮಕಾರಿ ಔಷಧಿ ಬಂತು, ರೋಗಿಗಳು ಬದುಕಿದರು, ಹೂಡಿಕೆದಾರರ ಲೆಕ್ಕ ತಲೆಕೆಳಗಾಯಿತು. ಆಗ ಉದ್ಯಮ ವಯಸ್ಸಾದವರ ಕಡೆ ತಿರುಗಿತು.

2000ದ ನಂತರ ಇನ್ನೊಂದು ರಗಳೆ. ವಿಮೆಯ ಅಗತ್ಯವೇ ಇಲ್ಲದ ಹಿರಿಯರನ್ನು ಹಿಡಿದು, 'ಎರಡು ವರ್ಷ ಪುಕ್ಕಟೆ ಇನ್ಶೂರೆನ್ಸ್, ಆಮೇಲೆ ನಮಗೆ ಮಾರಿ, ಕೈತುಂಬ ದುಡ್ಡು' ಎಂದು ಆಸೆ ತೋರಿಸಿ ಹೊಸ ಪಾಲಿಸಿಗಳನ್ನು ಮಾಡಿಸಲಾಯಿತು. ಇದನ್ನು ಸ್ಟೋಲಿ ಎಂದು ಕರೆಯುತ್ತಾರೆ. ಇದನ್ನು ತಡೆಯಲು 2007ರಲ್ಲಿ ಎನ್‌ಎಐಸಿ ತನ್ನ ಮಾದರಿಯನ್ನು ತಿದ್ದಿತು. ಅದೇ ವರ್ಷ ಶಾಸಕರ ಸಂಘಟನೆಯಾದ ಎನ್‌ಕಾಯಿಲ್ ಬೇರೆಯದೇ ಒಂದು ಮಾದರಿ ತಂದಿತು. ಕೆಲವು ರಾಜ್ಯಗಳು ಇದನ್ನು ಹಿಡಿದವು, ಕೆಲವು ಅದನ್ನು ಹಿಡಿದವು, ಉಳಿದವು ಎರಡನ್ನೂ ಬೆರೆಸಿಕೊಂಡವು. 2010ರ ಫೆಬ್ರವರಿಯಲ್ಲಿ ಇಂಥ ಕಾನೂನು ಇದ್ದದ್ದು 38 ರಾಜ್ಯಗಳಲ್ಲಿ. ಈಗ 43 ರಾಜ್ಯಗಳು ಮತ್ತು ಪೋರ್ಟೊ ರಿಕೊದಲ್ಲಿ ಇದೆ.

ಇಷ್ಟು ಹಿನ್ನೆಲೆ ಸಾಕು. ಇನ್ನು ಕೆಲಸಕ್ಕೆ ಬರೋಣ.

ಹಂತ 1: ಪಾಲಿಸಿಯ ಮಾಲೀಕರು ಯಾರು, ಎಲ್ಲಿದ್ದಾರೆ

ವಿಮೆ ಯಾರ ಜೀವದ ಮೇಲಿದೆ ಎನ್ನುವುದು ಒಂದು, ಪಾಲಿಸಿ ಯಾರ ಒಡೆತನದಲ್ಲಿದೆ ಎನ್ನುವುದು ಇನ್ನೊಂದು. ಅಪ್ಪನ ಜೀವದ ಮೇಲಿನ ಪಾಲಿಸಿಗೆ ಅಮ್ಮ ಮಾಲೀಕರಾಗಿರಬಹುದು, ಮಗ ಆಗಿರಬಹುದು, ಒಂದು ಟ್ರಸ್ಟ್ ಕೂಡ ಆಗಿರಬಹುದು. ಸಾಮಾನ್ಯವಾಗಿ ಅನ್ವಯವಾಗುವುದು ಮಾಲೀಕರು ವಾಸಿಸುವ ರಾಜ್ಯದ ಕಾನೂನು. ಅಪ್ಪ ನ್ಯೂಜೆರ್ಸಿಯಲ್ಲಿದ್ದು, ಮಾಲೀಕಳಾದ ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದರೆ ನೋಡಬೇಕಾದದ್ದು ಕ್ಯಾಲಿಫೋರ್ನಿಯಾದ ಕಾನೂನು. ಬೇರೆ ಬೇರೆ ರಾಜ್ಯಗಳಲ್ಲಿ ಇಬ್ಬರು ಮೂವರು ಮಾಲೀಕರಿದ್ದರೆ, ಎನ್‌ಎಐಸಿ ಮಾದರಿಯ ಪ್ರಕಾರ, ಹೆಚ್ಚು ಪಾಲು ಇರುವವರ ರಾಜ್ಯ. ಪಾಲು ಸಮ ಇದ್ದರೆ ಎಲ್ಲರೂ ಬರಹದಲ್ಲಿ ಒಪ್ಪಿಕೊಂಡ ರಾಜ್ಯ.

ಪಾಲಿಸಿಯ ಮೊದಲ ಕೆಲವು ಪುಟಗಳಲ್ಲೇ ಮಾಲೀಕರ ಹೆಸರು ಇರುತ್ತದೆ. ಆದರೆ ನಡುವೆ ಬದಲಾಗಿರಬಹುದು. ಕಂಪನಿಗೆ ಫೋನ್ ಮಾಡಿ, ಈಗಿನ ಮಾಲೀಕರು ಮತ್ತು ಬೆನಿಫಿಷಿಯರಿ (ಸಾವಿನ ನಂತರ ವಿಮೆಯ ಹಣ ಪಡೆಯುವವರು) ಯಾರು ಎಂಬುದನ್ನು ಬರಹದಲ್ಲಿ ತರಿಸಿಕೊಳ್ಳಿ.

ಹಂತ 2: ಆ ರಾಜ್ಯದ ಕಾನೂನು ಹುಡುಕಿ

ರಾಜ್ಯದ ವಿಮಾ ಇಲಾಖೆಯ ವೆಬ್‌ಸೈಟ್‌ನಿಂದ ಶುರು ಮಾಡಿ. ಇಲಾಖೆಯ ಹೆಸರು ರಾಜ್ಯಕ್ಕೊಂದು ಥರ. ನ್ಯೂಯಾರ್ಕ್‌ನಲ್ಲಿ ಡಿಪಾರ್ಟ್‌ಮೆಂಟ್ ಆಫ್ ಫೈನಾನ್ಶಿಯಲ್ ಸರ್ವಿಸಸ್, ನ್ಯೂಜೆರ್ಸಿಯಲ್ಲಿ ಡಿಪಾರ್ಟ್‌ಮೆಂಟ್ ಆಫ್ ಬ್ಯಾಂಕಿಂಗ್ ಅಂಡ್ ಇನ್ಶೂರೆನ್ಸ್, ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾದಲ್ಲಿ ನೇರವಾಗಿ ಇನ್ಶೂರೆನ್ಸ್ ಇಲಾಖೆ.

ಹುಡುಕುವಾಗ 'ಲೈಫ್ ಸೆಟಲ್‌ಮೆಂಟ್' ಮತ್ತು 'ವಯಾಟಿಕಲ್ ಸೆಟಲ್‌ಮೆಂಟ್' ಎರಡೂ ಹಾಕಿ ನೋಡಿ. ಎರಡನೆಯದು ಗಂಭೀರ ಕಾಯಿಲೆಯವರ ಪಾಲಿಸಿ ಮಾರಾಟದಿಂದ ಬಂದ ಹಳೆಯ ಹೆಸರು. ನ್ಯೂಜೆರ್ಸಿಯ ಕಾಯ್ದೆಯ ಹೆಸರಲ್ಲಿ ಇರುವುದು ಅದೇ. ನ್ಯೂಯಾರ್ಕ್‌ನಲ್ಲಿ ಇನ್ಶೂರೆನ್ಸ್ ಕಾನೂನಿನ 78ನೇ ಆರ್ಟಿಕಲ್ ನೋಡಿ. ಅದು 2009ರಲ್ಲಿ ಪಾಸಾಗಿ 2010ರ ಮೇ ತಿಂಗಳಲ್ಲಿ ಜಾರಿಯಾಯಿತು. ಕ್ಯಾಲಿಫೋರ್ನಿಯಾದ್ದು 2010ರ ಜುಲೈ 1ರಿಂದ. ಟೆಕ್ಸಾಸ್‌ನಲ್ಲಿ ಇನ್ಶೂರೆನ್ಸ್ ಕೋಡ್‌ನ 1111ಎ ಅಧ್ಯಾಯ, 2011ರದ್ದು.

ಮಿಸೌರಿ, ಅಲಬಾಮಾ, ದಕ್ಷಿಣ ಕೆರೊಲಿನಾ, ದಕ್ಷಿಣ ಡಕೋಟಾ, ವ್ಯೋಮಿಂಗ್ ರಾಜ್ಯಗಳಲ್ಲಿ ಇದಕ್ಕೆಂದೇ ಕಾನೂನು ಇಲ್ಲದೆ ವರ್ಷಗಳೇ ಕಳೆದಿವೆ. ಮಿಷಿಗನ್‌ ಕಾನೂನು ಗಂಭೀರ ಕಾಯಿಲೆಯವರ ಮಾರಾಟಕ್ಕಷ್ಟೇ ಸೀಮಿತ. ಇಂಥ ಕಡೆ ಇದ್ದರೆ ಮಾರಬಾರದು ಅಂತ ಅಲ್ಲ. ಬೇರೆ ಕಡೆ ಕಾನೂನು ಕೊಡುವ ರಕ್ಷಣೆಗಳನ್ನು ನೀವೇ ಕಾಂಟ್ರಾಕ್ಟ್‌ನಲ್ಲಿ ಬರೆಸಿಕೊಳ್ಳಬೇಕು, ಅಷ್ಟೇ. ಯಾವ ರಕ್ಷಣೆಗಳು ಎನ್ನುವುದು ಹಂತ 6ರಿಂದ 8ರವರೆಗೆ ಬರುತ್ತದೆ.

ಕಾನೂನು ತೆರೆದಾಗ ಕಣ್ಣು ಮೊದಲು ಹೋಗಬೇಕಾದದ್ದು ಜಾರಿ ದಿನಾಂಕದ ಮೇಲೆ. ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಹೊಸ ನಿಯಮ ಯಾವ ದಿನದ ನಂತರದ ಕಾಂಟ್ರಾಕ್ಟ್‌ಗಳಿಗೆ ಅನ್ವಯ ಎಂಬ ವಾಕ್ಯ ಸಾಮಾನ್ಯವಾಗಿ ಮಸೂದೆಯ ಕೊನೆಯಲ್ಲಿ ಅಡಗಿರುತ್ತದೆ. ಬ್ರೋಕರ್ ಕಳಿಸಿದ ಹಳೆಯ ಪಿಡಿಎಫ್ ನಂಬಿಕೊಂಡು ಕೂರಬೇಡಿ. ಇಲಾಖೆಗೆ ಫೋನ್ ಮಾಡಿ ಕೇಳಲು ಹಣ ಕೊಡಬೇಕಿಲ್ಲ, ಅಲ್ವಾ?

ಹಂತ 3: ಕಾಯುವ ಅವಧಿ ಮುಗಿದಿದೆಯೇ

ಪಾಲಿಸಿ ಮಾಡಿಸಿದ ಕೂಡಲೇ ಮಾರುವಂತಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಎರಡು ವರ್ಷ ಕಾಯಬೇಕು. ಕೆಲವು ರಾಜ್ಯಗಳಲ್ಲಿ ಐದು ವರ್ಷ. ಮಿನ್ನೆಸೋಟದಲ್ಲಿ ನಾಲ್ಕು. ವಿನಾಯಿತಿಗಳೂ ಇವೆ: ಗುಣವಾಗದ ಅಥವಾ ದೀರ್ಘಕಾಲದ ಕಾಯಿಲೆ, ಗಂಡ ಅಥವಾ ಹೆಂಡತಿಯ ಸಾವು, ವಿಚ್ಛೇದನ, ಕೆಲಸದಿಂದ ನಿವೃತ್ತಿ, ದಿವಾಳಿತನ. ಇಪ್ಪತ್ತು ವರ್ಷ ಹಳೆಯ ಪಾಲಿಸಿ ಇದ್ದವರು ಈ ಹಂತವನ್ನು ದಾಟಿ ಮುಂದೆ ಹೋಗಬಹುದು.

ಹಂತ 4: ಪಾಲಿಸಿ ಹುಟ್ಟಿದ ಕಥೆ ನೆನಪಿಸಿಕೊಳ್ಳಿ

ಪಾಲಿಸಿ ಮಾಡಿಸುವಾಗ ಬೇರೆ ಯಾರಾದರೂ ಪ್ರೀಮಿಯಂ ಕಟ್ಟುತ್ತೇನೆ ಅಂದಿದ್ದರೆ? ಮುಂದೆ ಮಾರುವ ಮಾತು ಆಗಲೇ ಆಗಿತ್ತೇ? ಹೌದಾದರೆ ಇಲ್ಲೇ ನಿಂತು ವಕೀಲರನ್ನು ಕಾಣಿ. ಅದು ಸ್ಟೋಲಿ ಅನ್ನಿಸಿಕೊಳ್ಳಬಹುದು.

ಕೋರ್ಟುಗಳೂ ಇದರಲ್ಲಿ ಒಂದೇ ಮಾತು ಹೇಳಿಲ್ಲ. ನ್ಯೂಯಾರ್ಕ್‌ನ ಅತ್ಯುನ್ನತ ಕೋರ್ಟ್ 2010ರಲ್ಲಿ, ಹೊಸ ಕಾನೂನು ಬರುವ ಮೊದಲಿನ ವ್ಯವಹಾರದ ಬಗ್ಗೆ, ಒಬ್ಬ ವ್ಯಕ್ತಿ ಮಾರುವ ಉದ್ದೇಶದಿಂದಲೇ ತನ್ನ ಮೇಲೆ ಪಾಲಿಸಿ ಮಾಡಿಸಿದರೂ ತಪ್ಪಿಲ್ಲ ಎಂದಿತು. ಡೆಲವೇರ್ ಸುಪ್ರೀಂ ಕೋರ್ಟ್ 2011ರಲ್ಲಿ, ಸ್ಟೋಲಿ ಎಂದು ಸಾಬೀತಾದರೆ ಪಾಲಿಸಿ ಹುಟ್ಟಿದಾಗಿನಿಂದಲೇ ಅಸಿಂಧು, ಎಷ್ಟು ವರ್ಷ ಕಳೆದರೂ ಕಂಪನಿ ಪ್ರಶ್ನಿಸಬಹುದು ಎಂದಿತು. ನ್ಯೂಜೆರ್ಸಿ 2019ರಲ್ಲಿ ಡೆಲವೇರ್ ಜೊತೆ ನಿಂತಿತು. ಜಾರ್ಜಿಯಾ 2022ರಲ್ಲಿ ಮಾಲೀಕರ ಪರ ವಾಲಿತು: ಪಾಲಿಸಿ ಮಾಡಿಸುವ ಹೊತ್ತಿಗೆ ಕೊಳ್ಳುವವರ ಕೈವಾಡ ಇಲ್ಲದಿದ್ದರೆ, ಮಾರುವ ಯೋಚನೆ ಒಂದೇ ಪಾಲಿಸಿಯನ್ನು ರದ್ದು ಮಾಡುವುದಿಲ್ಲ. ಒಂದೇ ಪಾಲಿಸಿ, ನಾಲ್ಕು ರಾಜ್ಯ, ಬೇರೆ ಬೇರೆ ಉತ್ತರ.

ಹಂತ 5: ಮೊದಲು ನಿಮ್ಮ ಕಂಪನಿಯನ್ನೇ ಕೇಳಿ

ಪಾಲಿಸಿ ಕೈಬಿಡಲು ಹೊರಟ ಹಿರಿಯರಿಗೆ ಬೇರೆ ದಾರಿಗಳಿವೆ ಎಂದು ಕಂಪನಿಯೇ ತಿಳಿಸಬೇಕು ಎಂಬ ಕಾನೂನನ್ನು ವಾಷಿಂಗ್ಟನ್, ಓರೆಗನ್, ಮೇನ್, ಕೆಂಟಕಿಯಂಥ ಕೆಲವು ರಾಜ್ಯಗಳು ತಂದಿವೆ. ನನ್ನ ಮಟ್ಟಿಗೆ ಇತ್ತೀಚಿನ ಬದಲಾವಣೆಗಳಲ್ಲಿ ಇದೇ ಎಲ್ಲಕ್ಕಿಂತ ಉಪಯುಕ್ತವಾದದ್ದು. ನಿಮ್ಮ ರಾಜ್ಯದಲ್ಲಿ ಈ ಕಾನೂನು ಇಲ್ಲದಿದ್ದರೂ ಕೇಳಲು ಅಡ್ಡಿ ಇಲ್ಲ.

ಕೇಳಬೇಕಾದವು ಇವು: ಈವತ್ತಿನ ಸರೆಂಡರ್ ವ್ಯಾಲ್ಯೂ ಎಷ್ಟು? ಪ್ರೀಮಿಯಂ ನಿಲ್ಲಿಸಿ ಚಿಕ್ಕ ಮೊತ್ತದ ಪಾಲಿಸಿಯಾಗಿ ಇಟ್ಟುಕೊಳ್ಳಬಹುದೇ? ಪಾಲಿಸಿ ಮೇಲೆ ಸಾಲ ಸಿಗುತ್ತದೆಯೇ? ಗಂಭೀರ ಕಾಯಿಲೆ ಇದ್ದರೆ ವಿಮೆಯ ಹಣದ ಒಂದು ಭಾಗವನ್ನು ಬದುಕಿರುವಾಗಲೇ ಕೊಡುವ ಸೌಲಭ್ಯ ಪಾಲಿಸಿಯಲ್ಲಿ ಇದೆಯೇ? ಇಷ್ಟೇ ವರ್ಷಕ್ಕೆಂದು ಮಾಡಿಸಿದ ಟರ್ಮ್ ಪಾಲಿಸಿಯಾದರೆ ಅದನ್ನು ಪರ್ಮನೆಂಟ್ ಪಾಲಿಸಿಯಾಗಿ ಬದಲಿಸಲು ಕೊನೆ ದಿನ ಯಾವುದು? ಈ ಕೊನೆಯ ಪ್ರಶ್ನೆ ಮರೆಯಬೇಡಿ. ಬದಲಿಸಲು ಬಾರದ ಟರ್ಮ್ ಪಾಲಿಸಿಯನ್ನು ಕೊಳ್ಳುವವರು ಸಿಗುವುದು ಕಷ್ಟ.

ಮನೆಯಲ್ಲೂ ಒಂದು ಮಾತು ಕೇಳಿ. ಪ್ರೀಮಿಯಂ ಭಾರವೊಂದೇ ಕಾರಣವಾದರೆ ಮಕ್ಕಳೇ ಅದನ್ನು ಕಟ್ಟಿ ಪಾಲಿಸಿ ಉಳಿಸಿಕೊಳ್ಳಬಹುದಲ್ಲ. ಕೊಳ್ಳುವ ಕಂಪನಿಗೆ ಲಾಭ ಕಂಡ ಪಾಲಿಸಿ ಮನೆಯವರಿಗೂ ಲಾಭವೇ. ಸಂಕೋಚಕ್ಕೆ ಮಕ್ಕಳ ಹತ್ತಿರ ಹೇಳದೆ ಮಾರಿಬಿಡುವವರು ನಮ್ಮವರಲ್ಲಿ ಜಾಸ್ತಿ.

ಹಂತ 6: ಲೈಸೆನ್ಸ್ ನೋಡಿ, ಕಮಿಷನ್ ಬರೆಸಿಕೊಳ್ಳಿ

ಇಲ್ಲಿ ಎರಡು ಥರದ ಜನ ಇರುತ್ತಾರೆ. ಪ್ರೊವೈಡರ್ ಅಂದರೆ ಕೊಳ್ಳುವ ಕಂಪನಿ. ಅದು ಕೊಳ್ಳುವವರ ಪರ. ಬ್ರೋಕರ್ ಅಂದರೆ ನಿಮ್ಮ ಪಾಲಿಸಿಯನ್ನು ನಾಲ್ಕಾರು ಪ್ರೊವೈಡರ್‌ಗಳ ಮುಂದಿಟ್ಟು ಬೆಲೆ ಏರಿಸುವವರು. ಕಾನೂನಿರುವ ಹೆಚ್ಚಿನ ರಾಜ್ಯಗಳಲ್ಲಿ, ಕಮಿಷನ್ ಯಾರೇ ಕೊಡಲಿ, ಬ್ರೋಕರ್ ನಿಮ್ಮ ಹಿತವನ್ನೇ ಕಾಯಬೇಕು. ಬಂದ ಎಲ್ಲ ಆಫರ್‌ಗಳನ್ನೂ ತಿರಸ್ಕರಿಸಿದ್ದನ್ನೂ ಸೇರಿಸಿ ನಿಮಗೆ ತೋರಿಸಬೇಕು. ತನ್ನ ಕಮಿಷನ್ ಎಷ್ಟು ಎಂದು ಬರೆದುಕೊಡಬೇಕು. ಇಬ್ಬರ ಲೈಸೆನ್ಸನ್ನೂ ವಿಮಾ ಇಲಾಖೆಯ ವೆಬ್‌ಸೈಟ್‌ನಲ್ಲೇ ಹುಡುಕಿ. ಅವರು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೋ ನೋಡಿ ಸುಮ್ನಾಗಬೇಡಿ.

ಕಮಿಷನ್ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಪಾಲಿಸಿ 5 ಲಕ್ಷ ಡಾಲರ್‌ದು, ಸರೆಂಡರ್ ವ್ಯಾಲ್ಯೂ 40,000 ಡಾಲರ್ ಎಂದಿಟ್ಟುಕೊಳ್ಳಿ. ಪ್ರೊವೈಡರ್ ಕೊಡಲು ಒಪ್ಪಿದ ಮೊತ್ತ 1,10,000. ಒಬ್ಬ ಬ್ರೋಕರ್ ಬಂದ ಬೆಲೆಯಲ್ಲಿ ಶೇ. 30 ಕೇಳುತ್ತಾನೆ. ಇನ್ನೊಬ್ಬ 'ನನ್ನದು ಬರೀ ಶೇ. 8' ಎನ್ನುತ್ತಾನೆ, ಆದರೆ ಅದು ಪಾಲಿಸಿ ಮೊತ್ತದ ಮೇಲೆ. ಮೊದಲನೆಯವನಿಗೆ ಹೋಗುವುದು 33,000, ನಿಮ್ಮ ಕೈಗೆ 77,000. ಎರಡನೆಯವನಿಗೆ 40,000, ನಿಮ್ಮ ಕೈಗೆ 70,000. ಹಾಗಾಗಿ ಶೇಕಡಾ ಎಷ್ಟು ಎಂದಷ್ಟೇ ಅಲ್ಲ, ಯಾವುದರ ಮೇಲೆ ಎಂದೂ ಕೇಳಿ. ಮೂರು ಸಾಲು ಬರೆಸಿಕೊಳ್ಳಿ: ಪ್ರೊವೈಡರ್ ಕೊಡುವ ಒಟ್ಟು ಮೊತ್ತ, ಕಮಿಷನ್, ನನ್ನ ಬ್ಯಾಂಕಿಗೆ ಬರುವ ಮೊತ್ತ. ಕಮಿಷನ್ ದರದಲ್ಲಿ ಚೌಕಾಸಿಗೆ ಜಾಗ ಇದೆ, ನಾಚಿಕೊಳ್ಳಬೇಡಿ.

ಹಂತ 7: ಆರೋಗ್ಯದ ಕಾಗದಗಳು

ಬೆಲೆ ನಿರ್ಧಾರವಾಗುವುದು ನೀವು ಇನ್ನೆಷ್ಟು ವರ್ಷ ಬದುಕುತ್ತೀರಿ ಎಂಬ ಅಂದಾಜಿನ ಮೇಲೆ. ಹೆಚ್ಚು ಕಾಯಿಲೆ ಇದ್ದವರಿಗೆ ಹೆಚ್ಚು ಬೆಲೆ. ವಿಚಿತ್ರ ಅನ್ನಿಸಿದರೂ ಲೆಕ್ಕ ಹಾಗೆಯೇ. ಅದಕ್ಕೆ ನಿಮ್ಮ ವೈದ್ಯಕೀಯ ದಾಖಲೆ ಪಡೆಯಲು ಒಪ್ಪಿಗೆ ಪತ್ರಕ್ಕೆ ಸಹಿ ಕೇಳುತ್ತಾರೆ. ನೀವು ಮಾನಸಿಕವಾಗಿ ಸ್ವಸ್ಥರಿದ್ದೀರಿ ಎಂದು ಡಾಕ್ಟರ್ ಬರೆದುಕೊಟ್ಟ ಪತ್ರವೂ ಬೇಕಾಗುತ್ತದೆ. ಒಪ್ಪಿಗೆ ಪತ್ರ ಯಾರಿಗೆ, ಯಾವ ದಿನಾಂಕದವರೆಗೆ ಎಂದು ಓದಿ ಸಹಿ ಹಾಕಿ.

ಪಾಲಿಸಿ ನಿಜಕ್ಕೂ ಜಾರಿಯಲ್ಲಿದೆಯೇ ಎಂದು ಕೊಳ್ಳುವವರು ವಿಮಾ ಕಂಪನಿಯನ್ನು ಕೇಳುತ್ತಾರೆ. ಮಾದರಿ ಕಾನೂನಿನ ಪ್ರಕಾರ ಕಂಪನಿ 30 ದಿನದೊಳಗೆ ಉತ್ತರ ಕೊಡಬೇಕು. ಎಳೆದಾಡಿದರೆ ಇಲಾಖೆಗೆ ದೂರು ಕೊಡಬಹುದು.

ಮಾರಿದ ಮೇಲೂ ನಿಮ್ಮ ಆರೋಗ್ಯ ವಿಚಾರಿಸಿಕೊಳ್ಳುವ ಫೋನ್ ಬರುತ್ತದೆ. ನೇರವಾಗಿ ಹೇಳಬೇಕೆಂದರೆ, ಇದ್ದೀರಾ ಎಂದು ನೋಡಲು. ಇದಕ್ಕೂ ಮಿತಿ ಇದೆ. ಎನ್‌ಎಐಸಿ ಮಾದರಿಯಲ್ಲಿ, ಒಂದು ವರ್ಷಕ್ಕಿಂತ ಜಾಸ್ತಿ ಬದುಕುವ ಅಂದಾಜಿದ್ದವರನ್ನು ಮೂರು ತಿಂಗಳಿಗೊಮ್ಮೆ, ಕಡಿಮೆ ಇದ್ದವರನ್ನು ತಿಂಗಳಿಗೊಮ್ಮೆ ಮಾತ್ರ ಸಂಪರ್ಕಿಸಬಹುದು. ನಿಮ್ಮ ಬದಲು ಮಗನಿಗೋ ಮಗಳಿಗೋ ಫೋನ್ ಮಾಡಿ ಎಂದು ಬರೆಸಬಹುದು. ಹಾಗೆ ಮಾಡುವುದೇ ಒಳ್ಳೆಯದು.

ಹಂತ 8: ಸಹಿ, ಎಸ್ಕ್ರೋ, ಮನಸ್ಸು ಬದಲಿಸುವ ಹಕ್ಕು

ಕಾಂಟ್ರಾಕ್ಟ್‌ಗೆ ಸಹಿ ಹಾಕುವಾಗ ಬೆನಿಫಿಷಿಯರಿಗಳ ಒಪ್ಪಿಗೆ ಬೇಕಾಗಬಹುದು. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ರಾಜ್ಯಗಳಲ್ಲಿ ಮದುವೆಯ ನಂತರದ ಗಳಿಕೆ ಗಂಡ ಹೆಂಡತಿ ಇಬ್ಬರಿಗೂ ಸೇರಿದ್ದು. ಅಲ್ಲಿ ಸಂಗಾತಿಯ ಸಹಿ ಇಲ್ಲದೆ ಕೊಳ್ಳುವವರು ಮುಂದುವರಿಯುವುದಿಲ್ಲ.

ದುಡ್ಡು ಮೊದಲು ಎಸ್ಕ್ರೋ ಖಾತೆಗೆ (ವ್ಯವಹಾರ ಮುಗಿಯುವವರೆಗೆ ಮೂರನೆಯವರು ಹಣ ಇಟ್ಟುಕೊಳ್ಳುವ ಖಾತೆ) ಬರಬೇಕು, ಆಮೇಲಷ್ಟೇ ಒಡೆತನ ಬದಲಾಗಬೇಕು. ಈ ಕ್ರಮ ಉಲ್ಟಾ ಆಗಲು ಬಿಡಲೇಬೇಡಿ. ಒಡೆತನ ಬದಲಾಗಿದೆ ಎಂದು ವಿಮಾ ಕಂಪನಿ ತಿಳಿಸಿದ ಮೂರು ಕೆಲಸದ ದಿನಗಳಲ್ಲಿ ನಿಮ್ಮ ಖಾತೆಗೆ ಹಣ ಬರಬೇಕು ಎನ್ನುವುದು ಮಾದರಿ ಕಾನೂನಿನ ನಿಯಮ.

ಮನಸ್ಸು ಬದಲಾದರೆ? ಎನ್‌ಎಐಸಿಯ 2007ರ ಮಾದರಿಯಲ್ಲಿ, ಎಲ್ಲರೂ ಸಹಿ ಹಾಕಿದ 60 ದಿನ ಅಥವಾ ಹಣ ಕೈಗೆ ಬಂದ 30 ದಿನ, ಇವೆರಡರಲ್ಲಿ ಮೊದಲು ಬರುವ ದಿನದವರೆಗೆ ರದ್ದು ಮಾಡಬಹುದು. ಎನ್‌ಕಾಯಿಲ್ ಮಾದರಿಯಲ್ಲಿ ಅದು 30 ಮತ್ತು 15 ದಿನ. ನಿಮ್ಮ ರಾಜ್ಯದ ಲೆಕ್ಕ ಯಾವುದೆಂದು ನೋಡಿ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಈ ಅವಧಿಯಲ್ಲೇ ವಿಮೆದಾರರು ತೀರಿಕೊಂಡರೆ ವ್ಯವಹಾರ ರದ್ದಾದಂತೆ. ಮನೆಯವರು ಪಡೆದ ಹಣವನ್ನೂ ಕೊಂಡವರು ಕಟ್ಟಿದ ಪ್ರೀಮಿಯಂ ಅನ್ನೂ ವಾಪಸ್ ಕೊಟ್ಟು ವಿಮೆಯ ಪೂರ್ತಿ ಮೊತ್ತ ಪಡೆಯಬಹುದು. ಇದಕ್ಕೂ ಗಡುವು ಇದೆ. ದುಃಖದಲ್ಲಿ ಯಾರಿಗೂ ಹೊಳೆಯದ ವಿಷಯ ಇದು. ಹಾಗಾಗಿ ಕಾಂಟ್ರಾಕ್ಟ್‌ನ ಒಂದು ಪ್ರತಿ ಮಕ್ಕಳ ಹತ್ತಿರ ಇರಲಿ.

ಹಂತ 9: ತೆರಿಗೆ ಮತ್ತು ಮೆಡಿಕೇಯ್ಡ್

ಇಲ್ಲಿ ಹೇಳುವ ತೆರಿಗೆ ಲೆಕ್ಕ ಫೆಡರಲ್ ಕಾನೂನಿನದ್ದು. ಮೇಲಿನ ಉದಾಹರಣೆಯಲ್ಲಿ ನೀವು ಒಟ್ಟು 35,000 ಡಾಲರ್ ಪ್ರೀಮಿಯಂ ಕಟ್ಟಿದ್ದು, 77,000 ಕೈಗೆ ಬಂದಿದೆ ಎಂದುಕೊಳ್ಳಿ. ಮೊದಲ 35,000ಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಸರೆಂಡರ್ ವ್ಯಾಲ್ಯೂವರೆಗಿನ 5,000 ಸಾಮಾನ್ಯ ಆದಾಯ. ಉಳಿದ 37,000 ಕ್ಯಾಪಿಟಲ್ ಗೇನ್. 2009ರಲ್ಲಿ ತೆರಿಗೆ ಇಲಾಖೆ ಮಾಡಿದ್ದ ಕಠಿಣ ಲೆಕ್ಕವನ್ನು 2017ರ ತೆರಿಗೆ ಕಾಯ್ದೆ ತೆಗೆದುಹಾಕಿದ್ದರಿಂದ ಈಗ ಕಟ್ಟಿದ ಪ್ರೀಮಿಯಂ ಪೂರ್ತಿ ಕಳೆಯಬಹುದು. ಹಳೆಯ ಡಿವಿಡೆಂಡ್ ತೆಗೆದುಕೊಂಡಿದ್ದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಮಾರಿದ ಮೇಲೆ ಕೊಂಡವರಿಂದ 1099-ಎಲ್‌ಎಸ್, ವಿಮಾ ಕಂಪನಿಯಿಂದ 1099-ಎಸ್‌ಬಿ ಎಂಬ ಎರಡು ಫಾರಂ ಬರುತ್ತವೆ. ಎರಡನ್ನೂ ಟ್ಯಾಕ್ಸ್ ಮಾಡುವವರಿಗೆ ಕೊಡಿ.

24 ತಿಂಗಳೊಳಗೆ ಸಾವು ಬರಬಹುದು ಎಂದು ಡಾಕ್ಟರ್ ಬರೆದುಕೊಟ್ಟಿದ್ದರೆ, 1996ರ ಕಾನೂನಿನಡಿ ಹಣಕ್ಕೆ ಫೆಡರಲ್ ತೆರಿಗೆ ಇಲ್ಲ. ಆದರೆ ಒಂದು ಷರತ್ತು: ನಿಮ್ಮ ರಾಜ್ಯದಲ್ಲಿ ಲೈಸೆನ್ಸ್ ಕಡ್ಡಾಯವಾಗಿದ್ದರೆ, ಕೊಂಡವರಿಗೆ ಆ ಲೈಸೆನ್ಸ್ ಇರಬೇಕು. ಹಂತ 6ರಲ್ಲಿ ಲೈಸೆನ್ಸ್ ನೋಡಿ ಎಂದಿದ್ದು ಸುಮ್ನೆ ಅಲ್ಲ.

ಇನ್ನು ಕಡಿಮೆ ಆದಾಯದವರಿಗಾಗಿ ಇರುವ ಸರ್ಕಾರಿ ವೈದ್ಯಕೀಯ ನೆರವಾದ ಮೆಡಿಕೇಯ್ಡ್ ಮೇಲೆ ಇರುವವರು ಅಥವಾ ಅರ್ಜಿ ಹಾಕುವವರು ಎಚ್ಚರ. ಬಂದ ದುಡ್ಡು ಸವಲತ್ತನ್ನೇ ನಿಲ್ಲಿಸಬಹುದು. ಪಾಲಿಸಿ ಮಾರಿದ ಹಣವನ್ನು ದೀರ್ಘಕಾಲದ ಆರೈಕೆಗೆಂದೇ ಎತ್ತಿಡಲು ಟೆಕ್ಸಾಸ್ 2013ರಲ್ಲಿ ಒಂದು ಕಾನೂನು ಮಾಡಿತು. ಈ ವಿಷಯಕ್ಕೆ ಹಿರಿಯರ ಕಾನೂನು ನೋಡುವ ವಕೀಲರಿಗೆ ಒಂದು ಗಂಟೆಯ ಫೀಸ್ ಕೊಟ್ಟರೆ ನಷ್ಟವಿಲ್ಲ.

ಹೂಡಿಕೆ ಮಾಡಿ ಎಂದು ಯಾರಾದರೂ ಬಂದರೆ

ಇಷ್ಟೂ ಮಾರುವವರಿಗೆ. ಬೇರೆಯವರ ಪಾಲಿಸಿಯಲ್ಲಿ ಪಾಲು ಕೊಳ್ಳಿ, ಖಚಿತ ಲಾಭ ಎಂದು ಬಂದರೆ ಅದು ಬೇರೆ ಲೋಕ. ಅಲ್ಲಿ ಸೆಕ್ಯೂರಿಟೀಸ್ ಕಾನೂನು ಬರುತ್ತದೆ. ಫ್ಲೋರಿಡಾದ ಮ್ಯೂಚುವಲ್ ಬೆನಿಫಿಟ್ಸ್ ಕಂಪನಿಯನ್ನು 2004ರಲ್ಲಿ ಮುಚ್ಚಿಸಿದಾಗ ಸುಮಾರು 30,000 ಜನರ 100 ಕೋಟಿ ಡಾಲರ್‌ಗೂ ಜಾಸ್ತಿ ಹಣ ಸಿಕ್ಕಿಕೊಂಡಿತ್ತು. ಟೆಕ್ಸಾಸ್‌ನ ಲೈಫ್ ಪಾರ್ಟ್‌ನರ್ಸ್ 2015ರಲ್ಲಿ ದಿವಾಳಿ ಅರ್ಜಿ ಹಾಕಿತು. ನನ್ನನ್ನು ಕೇಳಿದರೆ ಆ ಕಡೆ ಹೋಗಬೇಡಿ ಎಂದೇ ಹೇಳುತ್ತೇನೆ.

ಊರಿನ ಎಲ್‌ಐಸಿ ಪಾಲಿಸಿಯನ್ನೂ ಮಾರಬಹುದೇ?

ಈ ಪ್ರಶ್ನೆ ಬಂದೇ ಬರುತ್ತದೆ. ಭಾರತದಲ್ಲೂ ಪಾಲಿಸಿ ಕೊಂಡು ಮಾರುವ ವ್ಯಾಪಾರ ಒಂದು ಕಾಲಕ್ಕೆ ಶುರುವಾಗಿತ್ತು. ಎಲ್‌ಐಸಿ ಒಪ್ಪಲಿಲ್ಲ. ಬಾಂಬೆ ಹೈಕೋರ್ಟ್ 2007ರಲ್ಲಿ, ಸುಪ್ರೀಂ ಕೋರ್ಟ್ 2015ರ ಡಿಸೆಂಬರ್‌ನಲ್ಲಿ, ಹಳೆಯ ಕಾನೂನಿನ ಪ್ರಕಾರ ಎಲ್‌ಐಸಿ ಹಾಗೆ ತಡೆಯುವಂತಿಲ್ಲ ಎಂದವು. ಆದರೆ ಅಷ್ಟರಲ್ಲಿ, ಅದೇ 2015ರಲ್ಲಿ, ವಿಮಾ ಕಾಯ್ದೆಯ 38ನೇ ಸೆಕ್ಷನ್ ತಿದ್ದುಪಡಿಯಾಗಿತ್ತು. ಪಾಲಿಸಿ ವ್ಯಾಪಾರಕ್ಕೆಂದು ವರ್ಗಾವಣೆ ಮಾಡುತ್ತಿದ್ದಾರೆ ಎನ್ನಿಸಿದರೆ ಕಂಪನಿ ಅದನ್ನು ನಿರಾಕರಿಸಬಹುದು. ಬ್ಯಾಂಕ್ ಸಾಲಕ್ಕೆ ಪಾಲಿಸಿ ಅಸೈನ್ ಮಾಡುವುದಕ್ಕೆ ಇದರಿಂದ ತೊಂದರೆ ಇಲ್ಲ. ಎಲ್‌ಐಸಿ ಪಾಲಿಸಿ ಬೇಡವಾದರೆ ಸರೆಂಡರ್, ಪೇಯ್ಡ್-ಅಪ್ (ಪ್ರೀಮಿಯಂ ನಿಲ್ಲಿಸಿ ಚಿಕ್ಕ ಮೊತ್ತದ ಪಾಲಿಸಿ) ಅಥವಾ ಪಾಲಿಸಿ ಸಾಲ, ಇಷ್ಟರಲ್ಲೇ ಆರಿಸಿಕೊಳ್ಳಬೇಕು. ಅದಕ್ಕೆ ಪಾಲಿಸಿ ಮಾಡಿಸಿದ ಬ್ರಾಂಚ್‌ನಲ್ಲಿ ವಿಚಾರಿಸಿ.